ಪದ್ಯ ಸಿದ್ಧ, ಮಾತು ಸಿದ್ಧವಿಲ್ಲ

ರಾಮನ ಬಾಣ ನಾಟಿ ವಾಲಿ ಉರುಳಿದ್ದಾನೆ. ಭಾಗವತರ ಪದ್ಯ ಮುಗಿಯುತ್ತಿದ್ದಂತೆ ವಾಲಿ ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಎದುರು ಕುಳಿತ ರಾಮನಿಗೆ ಉತ್ತರ ಬರೆದುಕೊಟ್ಟವರಿಲ್ಲ.

ತಾಳಮದ್ದಳೆಯೆಂದರೆ ಇದೇ. ವೇಷವಿಲ್ಲ, ಕುಣಿತವಿಲ್ಲ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಅದರ ಮೇಲೆ ಮಾತು ಕಟ್ಟುವುದು ಅರ್ಥಧಾರಿಯ ಪಾಲಿಗೆ ಬಿಟ್ಟದ್ದು. ಕರಾವಳಿ, ಮಲೆನಾಡು, ಕಾಸರಗೋಡಿನಲ್ಲಿ ಯಕ್ಷಗಾನ ಮೇಳಗಳು ಮಳೆಗಾಲಕ್ಕೆ ಗೆಜ್ಜೆ ಬಿಚ್ಚಿದ ಮೇಲೆ ಕೂಟಗಳ ಭರಾಟೆ. ಕರಾವಳಿಯವರು ನೆಲೆಸಿದ ಬೆಂಗಳೂರಿಗೂ ಈ ರುಚಿ ಹತ್ತಿದೆ.

ಬರೆಯದ ನಾಟಕವೆಂದಾಗ ಹೊರಗಿನ ಹೆಸರುಗಳೇ ಮೊದಲು ಕೇಳಿಬರುತ್ತವೆ. ಚಿಕಾಗೋದ ವಯೋಲಾ ಸ್ಪೋಲಿನ್ ಆಟಗಳ ಮೂಲಕ ನಟನೆ ಕಲಿಸುವ ತಮ್ಮ ಪುಸ್ತಕವನ್ನು 1963ರಲ್ಲಿ ಪ್ರಕಟಿಸಿದರು. ರಂಗಶಿಕ್ಷಕ ಕೀತ್ ಜಾನ್‌ಸ್ಟನ್ ಕಲಿಸಿದ ಆಟವೊಂದರಲ್ಲಿ ಇಬ್ಬರು ಸರದಿಯಂತೆ ಒಂದೊಂದೇ ಪದ ಸೇರಿಸಿ ಕಥೆ ಕಟ್ಟುತ್ತಾರೆ. ಮುಂದಿನದನ್ನು ಮೊದಲೇ ಯೋಚಿಸಿಟ್ಟವನು ಎಡವುತ್ತಾನೆ. ಇನ್ನೊಂದು ಆಟ ಅಂತಸ್ತಿನದು: ಒಬ್ಬ ಮೇಲೇರಿದಂತೆ ಇನ್ನೊಬ್ಬ ಕುಗ್ಗಬೇಕು, ಆಮೇಲೆ ಅದು ತಿರುಗುಮುರುಗಾಗಬೇಕು.

ಆ ಆಟ ನಮ್ಮ ‘ಶರಸೇತು ಬಂಧನ’ ಪ್ರಸಂಗದಲ್ಲೂ ಇದೆ. ಬಾಣದಲ್ಲಿ ಸೇತುವೆ ಕಟ್ಟುತ್ತೇನೆಂದು ಬೀಗುವ ಅರ್ಜುನನ ಮುಂದೆ ಹನುಮಂತ ಸಾಮಾನ್ಯ ಕಪಿಯಂತೆ ಕುಗ್ಗಿ ಮಾತಾಡುತ್ತಾನೆ. ಸೇತುವೆ ಮುರಿದು ಬೀಳುವಾಗ ಯಾರು ದೊಡ್ಡವರೆಂಬ ಲೆಕ್ಕವೂ ಮಗುಚಿಬೀಳುತ್ತದೆ.

ಆದರೆ ತಾಳಮದ್ದಳೆಯ ಕಟ್ಟಳೆ ಇನ್ನೂ ಬಿಗಿ. ಜಾನ್‌ಸ್ಟನ್ ಪಾಠದಲ್ಲಿ ಜೊತೆಗಾರ ಕೊಟ್ಟದ್ದನ್ನು ಒಪ್ಪಿ ಬೆಳೆಸಬೇಕು. ಇಲ್ಲಿ ಎದುರಾಳಿಯ ವಾದವನ್ನು ಖಂಡಿಸಬಹುದು, ಖಂಡಿಸಲೇಬೇಕು. ಕಥೆಯನ್ನು ಮಾತ್ರ ಕೆಡಿಸುವಂತಿಲ್ಲ. ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಕೊನೆಯ ಪದ್ಯ ಅವನನ್ನು ರಾಮನಿಗೆ ಶರಣಾಗಿಸುತ್ತದೆ. ಹಾಗಾಗಿ ರಾಮನ ಬಾಯಿ ಕಟ್ಟಿಹಾಕುವ ವಾಲಿ ಜಾಣನಲ್ಲ, ಕೂಟ ಕೆಡಿಸುವವನು. ನಂಬುವಂತೆ ಸೋಲುವುದು ಗೆಲ್ಲುವುದಕ್ಕಿಂತ ಕಷ್ಟ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಂಥ ಸೋಲುವ ಪಾತ್ರಗಳಲ್ಲೇ ಹೆಸರಾದವರು. ಹರಿಕಥೆಯ ಅನುಭವವೂ ಅವರ ಬೆನ್ನಿಗಿತ್ತು. ಆಶುಮಾತು ಆಕಾಶದಿಂದ ಇಳಿಯುವುದಿಲ್ಲ. ಪುರಾಣ, ಕಾವ್ಯ, ತರ್ಕ ಓದಿ ಅರಗಿಸಿಕೊಂಡವರಿಗಷ್ಟೇ ಆ ಕ್ಷಣಕ್ಕೆ ಒದಗುತ್ತದೆ.

ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರವಿದೆ. ಅಲ್ಲಿ ಕಲಿಯುವವರು ಒಂದು ರಾತ್ರಿ ಇಂಥ ಕೂಟದಲ್ಲಿ ಕೂತರೆ ನಷ್ಟವೇನಿಲ್ಲ. ಮುಖ್ಯವಾಗಿ ಭಾಗವತರನ್ನು ನೋಡಬೇಕು. ಅವರೇ ನಿರ್ದೇಶಕರು. ಮಾತು ಹಳಿ ತಪ್ಪಿತೋ, ತೀರಾ ಉದ್ದವಾಯಿತೋ, ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಆಮೇಲೆ ಹತ್ತು ತಲೆಯ ರಾವಣನೂ ಬಾಯಿ ಮುಚ್ಚಲೇಬೇಕು.