ತಾನೆಂಬುದರ ತಂತು

ಬಾಲ್ಯದಲ್ಲಿದ್ದ ನೀನೂ ಇಂದಿನ ನೀನೂ ಇಷ್ಟೊಂದು ಬೇರೆಯಾಗಿರುವಾಗ, ಇಬ್ಬರೂ ಒಬ್ಬನೇ ಎಂದು ಯಾವ ಬಲದಿಂದ ಹೇಳುವೆ? ಕೆನಡಾದ ಮನೋವಿಜ್ಞಾನಿ ಮೈಕೇಲ್ ಚಾಂಡ್ಲರ್ ಹರೆಯದವರ ಮುಂದಿಡುತ್ತಿದ್ದ ಪ್ರಶ್ನೆಯ ತಿರುಳು ಇದು. ಬಹುಪಾಲು ಮಕ್ಕಳು ಯಾವುದಾದರೊಂದು ಎಳೆಯನ್ನು ಹಿಡಿದು ನಿನ್ನೆಯ ತಮ್ಮನ್ನು ಇಂದಿನ ತಮಗೆ ಕಟ್ಟಿಕೊಳ್ಳುತ್ತಿದ್ದರು. ಆತ್ಮಹತ್ಯೆಯ ಭೀತಿಯಿಂದ ಆಸ್ಪತ್ರೆಯಲ್ಲಿ ಇರಿಸಲ್ಪಟ್ಟಿದ್ದ ಮಕ್ಕಳಿಗೆ ಮಾತ್ರ ಆ ಎಳೆ ಬಹುತೇಕ ಕೈಗೆ ಸಿಗುತ್ತಿರಲಿಲ್ಲ. ನಾಳೆ ಬಾಳುವವನು ತಾನೇ ಎಂಬ ಪ್ರತ್ಯಯ ಕಳಚಿದವನಿಗೆ ನಾಳೆಗೋಸ್ಕರ ಇಂದಿನ ವೇದನೆಯನ್ನು ಸಹಿಸಲು ಕಾರಣವಾದರೂ ಎಲ್ಲಿಯದು?

ವ್ಯಕ್ತಿಗೆ ಸಲ್ಲುವ ಈ ಮಾತು ಒಂದು ಜನಾಂಗಕ್ಕೂ ಸಲ್ಲುವುದೇ ಎಂಬ ಜಿಜ್ಞಾಸೆ ಅವರನ್ನೂ ಸಹೋದ್ಯೋಗಿ ಕ್ರಿಸ್ಟೋಫರ್ ಲಲೋಂಡ್‌ರನ್ನೂ ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳತ್ತ ಒಯ್ದಿತು. 1884ರ ಶಾಸನವೊಂದು ಅವರ ಪಾಟ್‌ಲಾಚ್ ಎಂಬ ದಾನೋತ್ಸವವನ್ನು ನಿಷೇಧಿಸಿ, 1951ರವರೆಗೂ ಅಪರಾಧವಾಗಿಯೇ ಉಳಿಸಿತ್ತು. ವಸತಿಶಾಲೆಗಳಿಗೆ ಒಯ್ಯಲ್ಪಟ್ಟ ಮಕ್ಕಳು ತಾಯ್ನುಡಿಯಾಡಿದರೆ ದಂಡನೆಗೆ ಗುರಿಯಾಗುತ್ತಿದ್ದರು. ಹೀಗೆ ನಿನ್ನೆಯನ್ನೇ ಕಿತ್ತುಕೊಳ್ಳಲಾದ ಜನರಲ್ಲಿ ತರುಣರ ಆತ್ಮಹತ್ಯೆ ದೇಶದ ಸರಾಸರಿಯನ್ನು ಬಹುವಾಗಿ ಮೀರಿತ್ತೆಂಬುದು ಎಲ್ಲರಿಗೂ ತಿಳಿದಿದ್ದ ಸಂಗತಿಯೇ. ಆದರೆ 1987ರಿಂದ 1992ರವರೆಗಿನ ದಾಖಲೆಗಳನ್ನು ಸಮುದಾಯವಾರು ಬಿಡಿಸಿ ನೋಡಿದಾಗ, ಸುಮಾರು 200 ಸಮುದಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಅಂತಹ ಒಂದು ಸಾವೂ ಸಂಭವಿಸಿರಲಿಲ್ಲ. ದುರಂತವೆಲ್ಲ ಕೆಲವೆಡೆಗಳಲ್ಲಿ ದಟ್ಟವಾಗಿ ಮಡುಗಟ್ಟಿತ್ತು. ಇಡೀ ಜನಾಂಗದ ಹಣೆಗೆ ಸರಾಸರಿಯ ಚೀಟಿಯನ್ನಂಟಿಸುವುದು ಎಷ್ಟು ದೊಡ್ಡ ಅನ್ಯಾಯವೆಂಬುದನ್ನು ಈ ಒಂದು ಅಂಶವೇ ಸಾರುತ್ತದೆ.

ಸಮುದಾಯಗಳ ನಡುವಿನ ಈ ಭೇದಕ್ಕೆ ಕಾರಣವನ್ನು ಅವರು ವ್ಯಕ್ತಿಗಳ ಎದೆಗಾರಿಕೆಯಲ್ಲಿ ಅರಸಲಿಲ್ಲ. ಪೂರ್ವಿಕರ ನೆಲಕ್ಕಾಗಿ ನಡೆಸಿದ ಹಕ್ಕುಹೋರಾಟ, ಸ್ವಯಮಾಡಳಿತ, ತಮ್ಮದೇ ಶಾಲೆ, ತಮ್ಮದೇ ಆರೋಗ್ಯವ್ಯವಸ್ಥೆ, ತಮ್ಮದೇ ಆರಕ್ಷಕ ಮತ್ತು ಅಗ್ನಿಶಾಮಕ ಸೇವೆ, ಸಂಸ್ಕೃತಿಗೆ ಮೀಸಲಾದ ಮನೆ — ಈ ಆರೂ ಇದ್ದ ಸಮುದಾಯಗಳಲ್ಲಿ ಆ ಅವಧಿಯಲ್ಲಿ ತರುಣರ ಆತ್ಮಹತ್ಯೆಯೇ ಇರಲಿಲ್ಲ. ಒಂದೊಂದು ಕಡಿಮೆಯಾದಂತೆಲ್ಲ ಸಾವಿನ ಪ್ರಮಾಣ ಏರುತ್ತಿತ್ತು. ಇದು ಸಹಸಂಬಂಧವೇ ಹೊರತು ಕಾರ್ಯಕಾರಣದ ಸಿದ್ಧ ಪ್ರಮಾಣವಲ್ಲ, ನಿಜ. ಆದಾಗ್ಯೂ 2007ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ಮಂದಿ ಸ್ವಂತ ನುಡಿಯಲ್ಲಿ ಸಂಭಾಷಿಸಬಲ್ಲ ಸಮುದಾಯಗಳಲ್ಲಿಯೂ ಆ ಪ್ರಮಾಣ ತೀರ ತಗ್ಗಿದ್ದುದು ಕಂಡುಬಂದಾಗ, ನುಡಿಯೆಂಬುದು ಬರಿಯ ಅಲಂಕಾರವೆಂದು ಎಣಿಸುವವರು ಎರಡು ಗಳಿಗೆ ನಿಂತು ಯೋಚಿಸಬೇಕಾಗುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಬಹುವಾಗಿ ಕಾಡುತ್ತದೆ. ಮೊದಲಿನ ಆ ಪ್ರಶ್ನೆಗೆ ಬಿಳಿಯರ ಮಕ್ಕಳು ಬಹುಮಟ್ಟಿಗೆ ತಮ್ಮೊಳಗೆ ಬದಲಾಗದ ಏನೋ ಒಂದು ಇದೆಯೆಂದು ಉತ್ತರಿಸಿದರೆ, ಮೂಲನಿವಾಸಿಗಳ ಮಕ್ಕಳು ಹೆಚ್ಚಾಗಿ ಕಥೆ ಹೇಳಿದರು: ಇದಾಯಿತು, ಅದರಿಂದ ಅದಾಯಿತು, ಹೀಗೆ ನಾನು ನಾನಾದೆ. ಅಂತಹ ಮಕ್ಕಳ ಬಳಿಗೆ ದೂರದ ನಗರದಿಂದ ಮೊದಲೇ ಸಿದ್ಧಪಡಿಸಿದ ಚಿಕಿತ್ಸೆಯನ್ನು ಹೊತ್ತು ಹೋಗುವ ಮುನ್ನ, ಆತ್ಮಹತ್ಯೆಯಿಲ್ಲದ ಪಕ್ಕದ ಸಮುದಾಯವು ಏನು ಮಾಡಿತೆಂದು ಕೇಳಿ, ಆ ಅರಿವು ಒಂದು ಸಮುದಾಯದಿಂದ ಇನ್ನೊಂದಕ್ಕೆ ನೇರವಾಗಿ ಸಾಗುವಂತೆ ಮಾಡಬೇಕೆಂದು ಈ ಇಬ್ಬರು ವಿದ್ವಾಂಸರು ವಾದಿಸಿದರು.