ಮೌಂಟ್ ರೋಡಿನಿಂದ ಮಾಲಿನವರೆಗೆ: ಚೆನ್ನೈಯ ಬಹುವಿಭಾಗ ಮಳಿಗೆಗಳು

ವ್ಯಾಪಾರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಾಜ್ಯದ ಸುಂಕವನ್ನೂ ಬಂದರಿನ ರಫ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಂಗಡಿಯಲ್ಲಿ ಕೊಳ್ಳುವವನಿಗೂ ಮಾರುವವನಿಗೂ ನಡುವೆ ಏರ್ಪಡುವ ಸಂಬಂಧವನ್ನು ಗಮನಿಸುವುದು ಅಪರೂಪ. ಆದರೆ ಪರಸ್ಥಳದಲ್ಲಿ ನೆಲಸಿದವರಿಗೆ ಈ ಸಂಬಂಧ ಬಹು ಮುಖ್ಯವಾದುದು. ಹೊಸ ಊರಿನ ಮೊದಲ ಪರಿಚಯವಾಗುವುದು ಪೇಟೆಯಲ್ಲಿ. ಆ ಊರಿನ ಮಾತಿನ ಮೊದಲ ಹತ್ತು ಶಬ್ದಗಳನ್ನು ಕಲಿಸುವವನು ತರಕಾರಿ ಮಾರುವವನು. ಐಹೊಳೆಯ ಐನೂರ್ವರು ಎಂದು ಹೆಸರಾದ ವರ್ತಕ ಸಂಘದವರು ಕನ್ನಡನಾಡಿನಿಂದ ಹೊರಟು ತಮಿಳುನಾಡಿನಲ್ಲಿ ಶಾಸನಗಳನ್ನು ಬಿಟ್ಟುಹೋಗಿದ್ದಾರೆ. ಅದೇ ಸಂಘಕ್ಕೆ ಸೇರಿದ, ಕ್ರಿ. ಶ. ೧೦೮೮ರ ತಮಿಳು ಶಾಸನವೊಂದು ದೂರದ ಸುಮಾತ್ರಾ ದ್ವೀಪದಲ್ಲಿಯೂ ದೊರೆತಿದೆ. ಕನ್ನಡ ನೆಲದಲ್ಲಿ ಹುಟ್ಟಿದ ಸಂಘ ತಾನು ವ್ಯಾಪಾರ ಮಾಡಿದ ಕಡೆಯ ಭಾಷೆಯನ್ನು ತನ್ನದಾಗಿಸಿಕೊಂಡಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂದು ಚೆನ್ನೈಯ ಪೇಟೆ ಬಹುಮಟ್ಟಿಗೆ ಗೋಡೆಗಳೊಳಕ್ಕೆ ಹೋಗಿದೆ. ದೊಡ್ಡ ಬಹುವಿಭಾಗ ಮಳಿಗೆಗಳು ಒಂದಾದಮೇಲೊಂದರಂತೆ ಮಾಲುಗಳಲ್ಲಿ ನೆಲೆಯೂರಿವೆ. ಇದು ಹೇಗಾಯಿತು, ಇದರ ಒಳಗಿನ ಲೆಕ್ಕಾಚಾರವೇನು, ನಮ್ಮಂಥವರಿಗೆ ಇದರಿಂದ ಬಂದುದೇನು ಹೋದುದೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೧

ಒಂದೇ ಸೂರಿನಡಿ ಹಲವು ಬಗೆಯ ಸರಕುಗಳನ್ನು ಪ್ರತ್ಯೇಕ ವಿಭಾಗಗಳಲ್ಲಿರಿಸಿ, ಪ್ರತಿಯೊಂದಕ್ಕೂ ನಿಗದಿಯಾದ ಬೆಲೆ ಕಟ್ಟಿ ಮಾರುವ ಮಳಿಗೆಗೆ ಡಿಪಾರ್ಟ್‌ಮೆಂಟ್ ಸ್ಟೋರ್ ಎಂದು ಹೆಸರು. ಪ್ಯಾರಿಸ್ಸಿನ ಬೋ ಮಾರ್ಷೆ ಅಂಗಡಿಯಲ್ಲಿ ೧೮೫೨ರಿಂದ ಆರಿಸ್ತೀದ್ ಬೂಸಿಕೋ ರೂಢಿಗೆ ತಂದ ಪದ್ಧತಿ ಇದಕ್ಕೆ ಮಾದರಿಯಾಯಿತು. ಕೊಳ್ಳುವ ಹಂಗಿಲ್ಲದೆ ಯಾರಾದರೂ ಒಳಗೆ ಬರಬಹುದು. ಬೆಲೆ ಎಲ್ಲರಿಗೂ ಒಂದೇ. ಬೇಡವಾದ ವಸ್ತುವನ್ನು ಹಿಂದಿರುಗಿಸಬಹುದು. ಚೌಕಾಸಿಯೇ ವ್ಯಾಪಾರದ ಜೀವವಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಗಿರಾಕಿಯ ಮುಖ ನೋಡಿ ಬೆಲೆ ಹೇಳುವ ಪದ್ಧತಿಗೆ ಅದು ಕೊನೆ ಹಾಡಿತು.

ಮದರಾಸಿಗೆ ಈ ಪದ್ಧತಿ ಬಹು ಬೇಗನೆ ಬಂದಿತು. ಚಾರ್ಲ್ಸ್ ಡ್ಯುರಾಂಟ್ ಮತ್ತು ಜೆ. ಡಬ್ಲ್ಯು. ಸ್ಪೆನ್ಸರ್ ಎಂಬವರು ೧೮೬೩-೬೪ರಲ್ಲಿ ಆರಂಭಿಸಿದ ಅಂಗಡಿಯು ಮುಂದೆ ಯೂಜಿನ್ ಓಕ್‌ಷಾಟ್ ಎಂಬವನ ಕೈಸೇರಿತು. ೧೮೯೦ರ ದಶಕದಲ್ಲಿ ಮೌಂಟ್ ರೋಡಿನಲ್ಲಿ, ಡಬ್ಲ್ಯು. ಎನ್. ಪಾಗ್ಸನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ, ಕೆಂಪು ಇಟ್ಟಿಗೆಯ ಇಂಡೋ-ಸಾರಸೆನಿಕ್ ಶೈಲಿಯ ಭವ್ಯ ಕಟ್ಟಡ ಎದ್ದಿತು. ಅದರೊಳಗೆ ಎಂಬತ್ತಕ್ಕೂ ಹೆಚ್ಚು ವಿಭಾಗಗಳಿದ್ದುವು. ಸ್ಪೆನ್ಸರ್ ಕಂಪೆನಿ ಅಂಗಡಿಯಷ್ಟಕ್ಕೇ ನಿಲ್ಲಲಿಲ್ಲ. ದಿಂಡುಗಲ್ಲಿನ ಚುಟ್ಟಾ, ರೈಲುನಿಲ್ದಾಣಗಳ ಊಟದ ಕೋಣೆ, ಮದರಾಸಿನ ಕಾನೆಮಾರಾ ಹೋಟೆಲು ಎಲ್ಲವೂ ಅದರ ವ್ಯವಹಾರವೇ. ಬೆಂಗಳೂರಿನ ವೆಸ್ಟ್ ಎಂಡ್ ಹೋಟೆಲು ಕೂಡ ಒಂದು ಕಾಲಕ್ಕೆ ಅದರ ಸ್ವತ್ತಾಗಿದ್ದಿತು. (ಇಂದಿನ ಮಾಲುಗಳಲ್ಲಿ ಕಾಣುವ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಎಂಬ ಇಂಗ್ಲಿಷ್ ಮಳಿಗೆಗೂ ಈ ಸ್ಪೆನ್ಸರಿಗೂ ಯಾವ ನೆಂಟಸ್ತಿಕೆಯೂ ಇಲ್ಲ.)

ಬೋ ಮಾರ್ಷೆಯ ಸಮಾನತೆ ಮೌಂಟ್ ರೋಡಿನಲ್ಲಿ ಪೂರ್ಣವಾಗಿ ಫಲಿಸಿತೆನ್ನಲಾಗದು. ಬೆಲೆಯೇನೋ ಎಲ್ಲರಿಗೂ ಒಂದೇ. ಸರಕು ಮಾತ್ರ ದೊರೆಗಳಿಗಾಗಿ ಹಡಗಿನಿಂದ ಇಳಿದುದು. ಅಂದು ದಕ್ಷಿಣ ಕನ್ನಡವೂ ಬಳ್ಳಾರಿಯೂ ಮದರಾಸು ಪ್ರಾಂತಕ್ಕೆ ಸೇರಿದ್ದುವು. ಓದಿಗಾಗಿ, ಕೋರ್ಟಿನ ಕೆಲಸಕ್ಕಾಗಿ ಆ ಜಿಲ್ಲೆಗಳಿಂದ ರಾಜಧಾನಿಗೆ ಬರುತ್ತಿದ್ದ ಕನ್ನಡಿಗನು ಸಾಮಗ್ರಿಗಾಗಿ ಮೂರ್ ಮಾರ್ಕೆಟ್ಟಿಗೋ ಮೈಲಾಪುರದ ಮಾಡಬೀದಿಗಳಿಗೋ ಹೋಗುತ್ತಿದ್ದನೇ ಹೊರತು ಸ್ಪೆನ್ಸರಿಗಲ್ಲ.

ಎಲ್ಲರಿಗೂ ಒಂದೇ ಬೆಲೆ, ಎಲ್ಲರಿಗೂ ತೆರೆದ ಬಾಗಿಲು ಎಂಬ ತತ್ತ್ವವನ್ನು ಮದರಾಸಿನ ಮಧ್ಯಮ ವರ್ಗಕ್ಕೆ ನಿತ್ಯದ ಅನುಭವವಾಗಿಸಿದ ಕೀರ್ತಿಯಲ್ಲಿ ಉಡುಪಿ ಕಡೆಯ ಹೋಟೆಲುಗಾರರಿಗೂ ಒಂದು ಪಾಲು ಸಲ್ಲಬೇಕು. ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್, ಕೆ. ಸೀತಾರಾಮರಾಯರ ದಾಸಪ್ರಕಾಶ ಇವುಗಳಲ್ಲಿ ದರಪಟ್ಟಿ ಗೋಡೆಯ ಮೇಲಿರುತ್ತಿತ್ತು. ಕಾಫಿಯ ಬೆಲೆಗೆ ಚೌಕಾಸಿ ಮಾಡುವವರಿರಲಿಲ್ಲ. ಕೃಷ್ಣರಾಯರು ೧೯೬೨ರಲ್ಲಿ ತೆರೆದ ಡ್ರೈವ್-ಇನ್ ಉಪಾಹಾರಗೃಹವು ೨೦೦೮ರವರೆಗೂ ನಡೆಯಿತು. ಆ ಸ್ಥಳದಲ್ಲಿ ಈಗ, ೨೦೧೦ರಲ್ಲಿ ತೆರೆದ ಸೆಮ್ಮೊಳಿ ಪೂಂಗಾ ಎಂಬ ಸರ್ಕಾರಿ ಉದ್ಯಾನವಿದೆ.

೨

೧೯೮೦ರ ದಶಕದ ಆರಂಭದಲ್ಲಿ ಸ್ಪೆನ್ಸರ್ ಕಟ್ಟಡ ಬೆಂಕಿಗೆ ಆಹುತಿಯಾಯಿತು. ೧೯೮೫ರಲ್ಲಿ ಮೂರ್ ಮಾರ್ಕೆಟ್ಟೂ ಸುಟ್ಟುಹೋಯಿತು. ಕೆಲವೇ ವರ್ಷಗಳಲ್ಲಿ ನಗರದ ಎರಡು ಹಳೆಯ ವ್ಯಾಪಾರಸ್ಥಾನಗಳು, ಒಂದು ಶ್ರೀಮಂತರದು, ಮತ್ತೊಂದು ಸಾಮಾನ್ಯರದು, ಕಣ್ಮರೆಯಾದುವು. ಮೂರ್ ಮಾರ್ಕೆಟ್ಟಿನ ನೆಲ ರೈಲ್ವೆಗೆ ಹೋಯಿತು. ಸ್ಪೆನ್ಸರಿನ ನೆಲದಲ್ಲಿ ೧೯೯೧ರಲ್ಲಿ ಸ್ಪೆನ್ಸರ್ ಪ್ಲಾಜಾ ತಲೆಯೆತ್ತಿತು. ದಕ್ಷಿಣ ಭಾರತದ ಮೊತ್ತಮೊದಲ ಮಾಲುಗಳಲ್ಲಿ ಅದೂ ಒಂದು. ಒಂದು ಬಹುವಿಭಾಗ ಮಳಿಗೆಯ ಬೂದಿಯ ಮೇಲೆ ನೂರಾರು ಅಂಗಡಿಗಳ ಮಾಲು ಹುಟ್ಟಿದ ಈ ಸಂಗತಿಯಲ್ಲೇ ಮುಂದಿನ ಕಥೆಯೆಲ್ಲ ಅಡಗಿದೆ.

ಅದೇ ದಶಕದಲ್ಲಿ ಹೊಸ ತಲೆಮಾರಿನ ಮಳಿಗೆಗಳು ಹುಟ್ಟಿದುವು. ಮುಂಬಯಿಯ ಅಂಧೇರಿಯಲ್ಲಿ ೧೯೯೧ರಲ್ಲಿ ಷಾಪರ್ಸ್ ಸ್ಟಾಪ್ ಆರಂಭವಾಯಿತು. ಬೆಂಗಳೂರಿನಲ್ಲಿದ್ದ ಲಿಟಲ್‌ವುಡ್ಸ್ ಎಂಬ ವಿದೇಶಿ ಮಳಿಗೆಯನ್ನು ೧೯೯೮ರಲ್ಲಿ ಟಾಟಾ ಸಮೂಹದ ಟ್ರೆಂಟ್ ಸಂಸ್ಥೆ ಕೊಂಡು ವೆಸ್ಟ್‌ಸೈಡ್ ಎಂದು ನಾಮಕರಣ ಮಾಡಿತು. ದುಬಾಯಿಯ ಲ್ಯಾಂಡ್‌ಮಾರ್ಕ್ ಸಮೂಹವು ತನ್ನ ಲೈಫ್‌ಸ್ಟೈಲ್ ಮಳಿಗೆಯನ್ನು ಭಾರತದಲ್ಲಿ ಮೊದಲು ತೆರೆದುದು ಚೆನ್ನೈಯಲ್ಲಿಯೇ, ೧೯೯೯ರಲ್ಲಿ. ತರಂಗದಂತೆ ಮಾಲುಗಳು ಬಂದುದು ಅನಂತರ: ೨೦೦೬ರಲ್ಲಿ ರಾಧಾಕೃಷ್ಣನ್ ಸಾಲೆಯ ಸಿಟಿ ಸೆಂಟರ್, ೨೦೦೯ರಲ್ಲಿ ಅಮಿಂಜಿಕರೆಯ ಆಂಪಾ ಸ್ಕೈವಾಕ್, ೨೦೧೦ರಲ್ಲಿ ರಾಯಪೇಟೆಯ ಎಕ್ಸ್‌ಪ್ರೆಸ್ ಅವೆನ್ಯೂ, ೨೦೧೩ರಲ್ಲಿ ವೇಳಚೇರಿಯ ಫೀನಿಕ್ಸ್ ಮಾರ್ಕೆಟ್‌ಸಿಟಿ ಮತ್ತು ವಡಪಳನಿಯ ಫೋರಂ ವಿಜಯಾ, ೨೦೧೮ರಲ್ಲಿ ಅಣ್ಣಾನಗರದ ವಿ.ಆರ್. ಚೆನ್ನೈ. ವೇಳಚೇರಿ ಒಂದು ಕಾಲಕ್ಕೆ ಊರಾಚೆಯ ಕೆರೆಬಯಲು. ೨೦೦೦ದಲ್ಲಿ ಟೈಡಲ್ ಪಾರ್ಕ್ ತೆರೆದಂದಿನಿಂದ ಹಳೆಯ ಮಹಾಬಲಿಪುರ ರಸ್ತೆಯುದ್ದಕ್ಕೂ ಬೆಳೆದ ಗಣಕಯಂತ್ರದ ಕಚೇರಿಗಳ ನೌಕರರು ಆ ಭಾಗದಲ್ಲಿ ಮನೆಮಾಡಿದ ಮೇಲೆ, ಕೊಳ್ಳುವ ಶಕ್ತಿ ಮೌಂಟ್ ರೋಡಿನಿಂದ ದಕ್ಷಿಣಕ್ಕೆ ಸರಿಯಿತು. ಮಳಿಗೆಗಳೂ ಅದನ್ನು ಹಿಂಬಾಲಿಸಿದುವು.

೩

ಸ್ವತಂತ್ರ ಕಟ್ಟಡದಲ್ಲಿರಬಲ್ಲ ಮಳಿಗೆ ಮಾಲಿನೊಳಕ್ಕೆ ಏಕೆ ಬರಬೇಕು? ಇದಕ್ಕೆ ಉತ್ತರವಾಗಿ ಮಾಲಿನ ಆರ್ಥಿಕ ರಚನೆಯನ್ನು ತಿಳಿಯಬೇಕು. ಅಮೆರಿಕದ ಮಿನಿಯಾಪೊಲಿಸ್ ನಗರದ ಹತ್ತಿರ ೧೯೫೬ರಲ್ಲಿ, ಎಂದರೆ ನಮ್ಮ ಏಕೀಕರಣದ ವರ್ಷದಲ್ಲಿಯೇ, ಸೌತ್‌ಡೇಲ್ ಎಂಬ ಮುಚ್ಚಿದ ಮಾಲು ತೆರೆಯಿತು. ಅದನ್ನು ರೂಪಿಸಿದವನು ವಿಯೆನ್ನಾದಿಂದ ವಲಸೆಹೋಗಿದ್ದ ವಿಕ್ಟರ್ ಗ್ರೂಯೆನ್. ಪರಸ್ಪರ ಸ್ಪರ್ಧಿಗಳಾದ ಎರಡು ಬಹುವಿಭಾಗ ಮಳಿಗೆಗಳನ್ನು ಅವನು ಒಂದೇ ಕಟ್ಟಡಕ್ಕೆ ತಂದು, ನಡುವೆ ಸಣ್ಣ ಅಂಗಡಿಗಳನ್ನಿರಿಸಿದ. ಒಂದು ದೊಡ್ಡ ಮಳಿಗೆಯಿಂದ ಇನ್ನೊಂದಕ್ಕೆ ಹೋಗುವವರು ಸಣ್ಣ ಅಂಗಡಿಗಳ ಮುಂದೆಯೇ ಹಾದುಹೋಗಬೇಕು. ಈ ದೊಡ್ಡ ಮಳಿಗೆಗೆ ಆಂಕರ್, ಎಂದರೆ ಲಂಗರು ಎಂದು ಹೆಸರು ಬಂದುದು ಅದಕ್ಕಾಗಿಯೇ: ಹಡಗನ್ನು ಹಿಡಿದು ನಿಲ್ಲಿಸುವುದು ಅದು.

ಲಂಗರು ಮಳಿಗೆ ಜನರನ್ನು ಸೆಳೆದು ತರುವುದರಿಂದ, ಚದರಡಿಗೆ ಅದು ಕೊಡುವ ಬಾಡಿಗೆ ಸಣ್ಣ ಅಂಗಡಿಯವನು ಕೊಡುವುದಕ್ಕಿಂತ ಬಹಳ ಕಡಮೆ. ಎಷ್ಟೋ ವೇಳೆ ಮಾರಾಟದ ಒಂದು ಪಾಲು ಎಂದು ಗೊತ್ತುಮಾಡಿರುತ್ತಾರೆ. ಸಣ್ಣವನು ಹೆಚ್ಚು ಬಾಡಿಗೆ ಕೊಟ್ಟು ದೊಡ್ಡವನು ತಂದ ಜನಸಂದಣಿಯನ್ನು ಕೊಳ್ಳುತ್ತಾನೆ. ದೊಡ್ಡ ಮಳಿಗೆಗೆ ವಾಹನ ನಿಲ್ಲಿಸುವ ಜಾಗ, ತಂಪು ಹವೆ, ಕಾವಲು, ಸಿನಿಮಾ, ಊಟದ ಅಂಗಳ ಎಲ್ಲವೂ ಹಂಚಿಕೆಯ ಖರ್ಚಿನಲ್ಲಿ ದೊರೆಯುತ್ತವೆ. ಊಟವನ್ನೂ ಸಿನಿಮಾವನ್ನೂ ಮೇಲಂತಸ್ತಿನಲ್ಲಿ ಇರಿಸುವುದು ಸಹ ಲೆಕ್ಕಾಚಾರವೇ: ಹಸಿದವರು ಅಂಗಡಿಗಳ ಸಾಲುಗಳನ್ನೆಲ್ಲ ದಾಟಿ ಏರಬೇಕು, ಮತ್ತೆ ಅವುಗಳ ಮೂಲಕವೇ ಇಳಿಯಬೇಕು.

ಮಳಿಗೆಯ ಒಳಗಡೆಯೂ ಇದೇ ತಂತ್ರ. ಅಲ್ಲಿ ಕಾಣುವ ಎಲ್ಲ ಸರಕೂ ಮಳಿಗೆಯದಲ್ಲ. ಸುಗಂಧ, ಗಡಿಯಾರ, ಕೆಲವು ಉಡುಪುಗಳು ಆಯಾ ತಯಾರಕರವು; ಅವರು ಜಾಗ ಹಿಡಿದು, ತಮ್ಮ ಆಳುಗಳನ್ನು ನಿಲ್ಲಿಸಿ, ಮಾರಾಟದಲ್ಲಿ ಮಳಿಗೆಗೆ ಪಾಲು ಕೊಡುತ್ತಾರೆ; ಮಾರದುದನ್ನು ಹಿಂದಕ್ಕೆ ಒಯ್ಯುತ್ತಾರೆ. ಹೀಗೆ ನೋಡಿದರೆ ಬಹುವಿಭಾಗ ಮಳಿಗೆಯೇ ಒಂದು ಸಣ್ಣ ಮಾಲು. ಮಾಲು ಒಂದು ದೊಡ್ಡ ಬಹುವಿಭಾಗ ಮಳಿಗೆ.

ಸ್ಪೆನ್ಸರ್ ಪ್ಲಾಜಾ ಕ್ರಮೇಣ ಮಂಕಾದುದರ ಕಾರಣವೂ ಇಲ್ಲಿದೆ. ಅಲ್ಲಿಯ ಅಂಗಡಿಗಳು ಬಹುಪಾಲು ಬೇರೆಬೇರೆ ಒಡೆಯರಿಗೆ ಮಾರಾಟವಾದುವು. ಯಾವ ಅಂಗಡಿ ಎಲ್ಲಿರಬೇಕು, ಯಾವುದು ಹೋಗಿ ಯಾವುದು ಬರಬೇಕು ಎಂದು ಗೊತ್ತುಮಾಡುವ ಒಂದು ಕೈ ಅಲ್ಲಿ ಇಲ್ಲವಾಯಿತು. ಅನಂತರದ ಮಾಲುಗಳು ಅಂಗಡಿಗಳನ್ನು ಮಾರದೆ ಬಾಡಿಗೆಗೆ ಮಾತ್ರ ಕೊಟ್ಟು, ಒಡೆತನವನ್ನು ಒಂದೇ ಕಡೆ ಉಳಿಸಿಕೊಂಡುವು.

೪

ಈ ಕಟ್ಟಡಗಳು ನಿಂತಿರುವ ನೆಲದ ಪೂರ್ವಚರಿತ್ರೆಯನ್ನು ಕನ್ನಡಿಗರು ತಿಳಿದಿರುವುದು ಉಚಿತ. ಎಕ್ಸ್‌ಪ್ರೆಸ್ ಅವೆನ್ಯೂ ಇರುವ ಆವರಣ ಮೊದಲು ಭಾರತೀಯರಿಗೆ ಸದಸ್ಯತ್ವವಿಲ್ಲದಿದ್ದ ಮದರಾಸು ಕ್ಲಬ್ಬಿನದು. ಅದು ಮುಂದೆ ರಾಮನಾಥ ಗೋಯೆಂಕಾ ಅವರ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯ ನೆಲೆಯಾಯಿತು. ೧೯೬೭ರಲ್ಲಿ ಬೆಂಗಳೂರಿನಲ್ಲಿ ಕನ್ನಡಪ್ರಭವನ್ನು ಹೊರಡಿಸಿದ್ದು ಇದೇ ಪತ್ರಿಕಾಸಮೂಹ. ಕ್ಲಬ್ಬಿನಿಂದ ಅಚ್ಚಿನಮನೆಗೆ, ಅಚ್ಚಿನಮನೆಯಿಂದ ಅಂಗಡಿಗೆ: ನಗರದ ಒಂದೂವರೆ ಶತಮಾನದ ಅಧಿಕಾರ ಎಲ್ಲಿಂದ ಎಲ್ಲಿಗೆ ಸಾಗಿತೆಂಬುದನ್ನು ಈ ಒಂದು ನಿವೇಶನ ಹೇಳಬಲ್ಲುದು.

ವಡಪಳನಿಯ ಮಾಲು ನಮಗೆ ಇನ್ನೂ ಹತ್ತಿರದ್ದು. ಅದು ಬಿ. ನಾಗಿರೆಡ್ಡಿಯವರ ವಿಜಯಾ-ವಾಹಿನಿ ಸ್ಟುಡಿಯೋದ ನೆಲ. ಕನ್ನಡ ಚಲನಚಿತ್ರಗಳು ಬಹುಕಾಲ ತಯಾರಾದುದು ಬೆಂಗಳೂರಿನಲ್ಲಲ್ಲ, ಮದರಾಸಿನಲ್ಲಿ. ನಟರು, ಸಾಹಿತಿಗಳು, ವಾದ್ಯಗಾರರು ಈ ಕೋಡಂಬಾಕ-ವಡಪಳನಿ ಪ್ರದೇಶದಲ್ಲಿಯೇ ಬಿಡಾರ ಹೂಡಿದ್ದರು. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿ ರಾಜಕುಮಾರರು ನಟಿಸಿದ 'ಸತ್ಯ ಹರಿಶ್ಚಂದ್ರ' (೧೯೬೫) ವಿಜಯಾ ಲಾಂಛನದ ಚಿತ್ರ. ೧೯೫೭ರ ತೆಲುಗು-ತಮಿಳು 'ಮಾಯಾಬಜಾರ್' ಕೂಡ ಅವರದೇ. ಕಾಶಿಯ ಪೇಟೆಯಲ್ಲಿ ತನ್ನನ್ನೇ ಮಾರಿಕೊಂಡ ರಾಜನ ಕಥೆಯನ್ನೂ ಮಾಯೆಯ ಬಜಾರಿನ ಕಥೆಯನ್ನೂ ಹೇಳಿದ ಸಂಸ್ಥೆಯ ನೆಲದಲ್ಲಿ ನಿಜವಾದ ಬಜಾರೇ ನಿಂತಿತು. ಅದನ್ನು ಕಟ್ಟುವುದರಲ್ಲಿ ಪಾಲುಗಾರರಾದವರು ಬೆಂಗಳೂರಿನ ಪ್ರೆಸ್ಟೀಜ್ ಸಂಸ್ಥೆಯವರು. ೨೦೦೪ರಲ್ಲಿ ಕೋರಮಂಗಲದ ಫೋರಂ ಮಾಲನ್ನು ತೆರೆದವರೂ ಅವರೇ. ಈಗ ಎರಡೂ ನೆಕ್ಸಸ್ ಎಂಬ ಹೆಸರಿನಲ್ಲಿ ಬೇರೆ ಒಡೆತನದಲ್ಲಿವೆ. ಕಲೆಗಾಗಿ ಕನ್ನಡಿಗರು ಮದರಾಸಿಗೆ ಬಂದ ಕಾಲವೊಂದಿತ್ತು; ಅದೇ ನೆಲಕ್ಕೆ ಬೆಂಗಳೂರಿನ ಬಂಡವಾಳ ಬಂದ ಕಾಲ ಇನ್ನೊಂದು.

೫

ಇನ್ನು ಲಾಭನಷ್ಟದ ವಿಚಾರ. ಮಾಲನ್ನು ಸುಮ್ಮನೆ ಹಳಿಯುವುದು ಸುಲಭ, ನ್ಯಾಯವಲ್ಲ. ಬೇಸಗೆಯ ಚೆನ್ನೈಯಲ್ಲಿ ವಯಸ್ಸಾದವರು ನೆರಳಿನಲ್ಲಿ ನಡೆದಾಡಬಹುದಾದ, ಹೆಂಗಸರು ರಾತ್ರಿ ಒಂಬತ್ತರವರೆಗೂ ನಿಶ್ಚಿಂತೆಯಿಂದ ಓಡಾಡಬಹುದಾದ ಸ್ಥಳಗಳು ಎಷ್ಟಿವೆ? ಬೆಲೆ ಚೀಟಿಯ ಮೇಲಿರುವುದರಿಂದ, ಮಾತು ಬಾರದವನೆಂದು ಯಾರೂ ಹೆಚ್ಚು ಕೇಳಲಾರರು. ನಿನ್ನೆ ತಾನೆ ಬಂದಿಳಿದ ಕನ್ನಡಿಗ ಯುವಕನಿಗೆ ಇದು ದೊಡ್ಡ ಅನುಕೂಲ.

ಆದರೆ ಆ ಅನುಕೂಲದಲ್ಲಿಯೇ ಒಂದು ನಷ್ಟ ಅಡಗಿದೆ. ಹಳೆಯ ಪೇಟೆಯಲ್ಲಿ ವ್ಯಾಪಾರಿ ಗಿರಾಕಿಯ ಭಾಷೆಯನ್ನು ಕಲಿಯುತ್ತಿದ್ದ. ಗಿರಾಕಿ ಊರಿನ ಭಾಷೆಯನ್ನು ಕಲಿಯುತ್ತಿದ್ದ. ಒಂದು ಸೀರೆಗೆ ಚೌಕಾಸಿ ಮಾಡಬೇಕಾದರೆ ತಮಿಳಿನಲ್ಲಿ ಸಂಖ್ಯೆಗಳು ಮಾತ್ರವಲ್ಲ, ಸಲಿಗೆಯೂ ವಿನೋದವೂ ಬೇಕಾಗುತ್ತಿತ್ತು. ಮಾಲಿನಲ್ಲಿ ಮಾರುವವಳು ನಾಲ್ಕು ಇಂಗ್ಲಿಷ್ ಮಾತು ಆಡುತ್ತಾಳೆ, ಕೊಳ್ಳುವವನು ನಾಲ್ಕು ಇಂಗ್ಲಿಷ್ ಮಾತು ಆಡುತ್ತಾನೆ. ಇಬ್ಬರ ತಾಯ್ನುಡಿಯೂ ಬಾಗಿಲ ಹೊರಗೇ ಉಳಿಯುತ್ತದೆ. ಈ ನಗರದಲ್ಲಿ ಹತ್ತು ವರ್ಷವಿದ್ದೂ ತಮಿಳು ಬಾರದ, ಮನೆಯಲ್ಲಿ ಕನ್ನಡವೂ ನಿಲ್ಲದ ಮಕ್ಕಳನ್ನು ನಾವು ಕಾಣುತ್ತಿದ್ದೇವೆ. ಇದಕ್ಕೆ ಮಾಲೇ ಕಾರಣವೆಂದರೆ ಅತಿಶಯೋಕ್ತಿ; ಮಾಲಿಗೆ ಅದರಲ್ಲಿ ಪಾಲಿಲ್ಲವೆಂದರೆ ಅಜ್ಞಾನ.

ಎರಡನೆಯ ವಿಚಾರ ಅಂಗಡಿಯ ಆಳುಗಳದು. ತ್ಯಾಗರಾಯನಗರದ ಬಹು ಅಂತಸ್ತಿನ ಜವಳಿ ಮಳಿಗೆಗಳು ಒಂದು ರೀತಿಯಲ್ಲಿ ತಮಿಳು ನೆಲದಲ್ಲೇ ಬೆಳೆದ ಬಹುವಿಭಾಗ ಮಳಿಗೆಗಳು. ದಕ್ಷಿಣದ ಜಿಲ್ಲೆಗಳಿಂದ ಬಂದ ಎಳೆಯರು ಅಲ್ಲಿ ದಿನವಿಡೀ ನಿಂತೇ ದುಡಿಯುವ ಬಾಳನ್ನು ವಸಂತಬಾಲನ್ ಅವರ 'ಅಂಗಾಡಿ ತೆರು' (೨೦೧೦) ಎಂಬ ಚಿತ್ರ ಎಲ್ಲರಿಗೂ ಕಾಣಿಸಿತು. ತಮಿಳುನಾಡು ಸರ್ಕಾರ ೧೯೪೭ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನಿಗೆ ೨೦೨೧ರಲ್ಲಿ ತಿದ್ದುಪಡಿ ತಂದು, ನೌಕರರೆಲ್ಲರಿಗೂ ಕುಳಿತುಕೊಳ್ಳುವ ಏರ್ಪಾಡು ಮಾಡುವುದನ್ನು ಕಡ್ಡಾಯಗೊಳಿಸಿತು. ಕೇರಳ ಅದಕ್ಕಿಂತ ಮೊದಲೇ, ೨೦೧೮ರಲ್ಲಿ, ಇಂಥದನ್ನು ಮಾಡಿತ್ತು. ಕುಳಿತುಕೊಳ್ಳುವ ಹಕ್ಕಿಗೆ ಶಾಸನ ಬೇಕಾಯಿತೆಂಬುದೇ ಆಲೋಚನೆಗೆ ಗ್ರಾಸವಾದ ಸಂಗತಿ. ಹೊಳೆಯುವ ಮಾಲುಗಳಲ್ಲಿಯೂ ಆಳುಗಳಿಗೆ ಕುರ್ಚಿ ಇದೆಯೇ ಎಂದು ನೋಡುವುದು ಗಿರಾಕಿಗಳಾದ ನಮ್ಮ ಕೈಯಲ್ಲಿಯೇ ಇದೆ.

ಬೀದಿ ಇನ್ನೂ ಸೋತಿಲ್ಲ. ೨೦೧೯ರಲ್ಲಿ ಪಾಂಡಿ ಬಜಾರಿನಲ್ಲಿ ಅಗಲವಾದ ಕಾಲುದಾರಿಗಳನ್ನು ನಿರ್ಮಿಸಿ, ಆಸನಗಳನ್ನಿರಿಸಿ, ನಡೆಯುವವರಿಗೆ ಪ್ರಾಶಸ್ತ್ಯ ಕೊಟ್ಟರು. ಅಲ್ಲಿ ಏನನ್ನೂ ಕೊಳ್ಳದೆ ಕುಳಿತಿರಬಹುದು. ಯಾರೂ ಚೀಲ ತಪಾಸಣೆ ಮಾಡುವುದಿಲ್ಲ. ಮಾಲಿನ ಜನಕನಾದ ಗ್ರೂಯೆನ್ ಮೊದಲಿಗೆ ಬಯಸಿದ್ದುದೂ ಇಂಥದೇ: ಜನ ಸೇರಿ ಮಾತನಾಡುವ ಒಂದು ಊರಚಾವಡಿ. ತನ್ನ ಕಲ್ಪನೆ ಬರಿಯ ಅಂಗಡಿಯಾಗಿ ಉಳಿದುದನ್ನು ಕಂಡು ಅವನು ಮುಪ್ಪಿನಲ್ಲಿ ಆ ಕಟ್ಟಡಗಳ ಪಿತೃತ್ವವನ್ನೇ ನಿರಾಕರಿಸಿದ.

ಆದಕಾರಣ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಮಾಲಿಗೆ ಹೋಗಬಾರದೆಂದು ನಾವು ಹೇಳುವುದಿಲ್ಲ. ಹೋಗದಿರುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ತಿಂಗಳಿಗೆ ಒಂದೆರಡು ಬಾರಿಯಾದರೂ ಮಕ್ಕಳನ್ನು ಕೈಹಿಡಿದು ಮೈಲಾಪುರದ ಮಾಡಬೀದಿಗೋ ಪಾಂಡಿ ಬಜಾರಿಗೋ ಕರೆದೊಯ್ಯಬೇಕು. ದಾರಿಯಲ್ಲಿ ಅವರೊಡನೆ ಕನ್ನಡದಲ್ಲಿ ಮಾತನಾಡಬೇಕು. ಅಂಗಡಿಯಲ್ಲಿ ತಮಿಳಿನಲ್ಲಿ ಬೆಲೆ ಕೇಳಲು ಅವರನ್ನೇ ಮುಂದೆ ಬಿಡಬೇಕು. ಐನೂರ್ವರ ಕಾಲದಿಂದಲೂ ಪರನಾಡಿನಲ್ಲಿ ಕನ್ನಡಿಗನು ಬಾಳಿದ ರೀತಿ ಅದೇ.