ಹೇಳಿಕೊಳ್ಳಲು ಇದ್ದವನೂ ಅವನೊಬ್ಬನೇ

ಹುಡುಗಿಯೊಬ್ಬಳು ಒಲ್ಲೆ ಎಂದರೆ ಹುಡುಗನ ದುಃಖಕ್ಕೆ ನಮ್ಮಲ್ಲಿ ಜಾಗವಿದೆ. ಗೆಳೆಯರು ಬೈಕ್ ಹತ್ತಿಸಿಕೊಂಡು ಊರಾಚೆ ಕರೆದೊಯ್ಯುತ್ತಾರೆ. ಮಗ ಊಟ ಬಿಟ್ಟದ್ದನ್ನು ಕಂಡ ತಾಯಿ ಅರ್ಧ ವಿಷಯ ಊಹಿಸುತ್ತಾಳೆ. ಅತ್ತೆಯೋ ಅತ್ತಿಗೆಯೋ ಬೇರೆ ಹೆಣ್ಣಿನ ಫೋಟೊ ತರುತ್ತಾರೆ. ಸಿನಿಮಾ ಹಾಡುಗಳಂತೂ ಬೇಕಾದಷ್ಟಿವೆ. ಗಂಡಸಿನ ಮೇಲೆ ಮನಸ್ಸಿಟ್ಟ ಗಂಡಸಿಗೆ ಇದ್ಯಾವುದೂ ಇಲ್ಲ. ಅವನ ಗುಟ್ಟು ಗೊತ್ತಿರುವುದೇ ಒಬ್ಬಿಬ್ಬರಿಗೆ. ಎಷ್ಟೋ ಸಲ ಅವನು ಮೆಚ್ಚಿದವನೂ ಆ ಒಬ್ಬಿಬ್ಬರಲ್ಲೇ ಇರುತ್ತಾನೆ.

ಲಗ್ನಪತ್ರಿಕೆ ಬಂದ ದಿನ

ಈ ಒಲವು ಎಷ್ಟೋ ಸಲ ಮೊಳೆಯುವುದು ಹಾಸ್ಟೆಲ್, ಪಿ.ಜಿ. ಕೋಣೆಗಳಲ್ಲಿ. ಜ್ವರ ಬಂದಾಗ ಇಡ್ಲಿ ಕಟ್ಟಿಸಿಕೊಂಡು ಬಂದವನು, ದಿನಾ ಆಫೀಸಿನವರೆಗೆ ಡ್ರಾಪ್ ಕೊಟ್ಟವನು ಒಂದು ದಿನ ಅರಿಸಿನ ಹಚ್ಚಿದ ಲಗ್ನಪತ್ರಿಕೆ ಕೈಗಿಟ್ಟು, ‘ಮಗಾ, ಹಿಂದಿನ ದಿನವೇ ಬಂದ್ಬಿಡ್ಬೇಕು, ನೀನಿಲ್ದೆ ಏನೂ ನಡಿಯಲ್ಲ’ ಅನ್ನುತ್ತಾನೆ. ಇವನು ಹೋಗುತ್ತಾನೆ. ನೆಂಟರನ್ನು ಬಸ್‌ಸ್ಟ್ಯಾಂಡಿನಿಂದ ಕರೆತರುತ್ತಾನೆ, ಪಂಕ್ತಿಯಲ್ಲಿ ಪಾಯಸ ಬಡಿಸುತ್ತಾನೆ, ‘ಮುಂದಿನ ಸರದಿ ನಿಂದೇ’ ಎನ್ನುವ ಹಿರಿಯರಿಗೆಲ್ಲ ನಗುಮೊಗ ತೋರಿಸುತ್ತಾನೆ.

ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ ಕನ್ನಡದ ಓದುಗರು ಇಂಥ ಸಂಕಟವನ್ನು ಹತ್ತಿರದಿಂದ ಕಂಡರು. ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟ ಸಂಗಾತಿ ಕಾರ್ತಿಕ್ ಅಲ್ಲಿ ಮೋಹನಸ್ವಾಮಿಯ ಕೈತಪ್ಪುತ್ತಾನೆ. ಅವರಿಬ್ಬರಾದರೂ ಜೊತೆಗಿದ್ದವರು. ಬಾಯಿಬಿಟ್ಟು ಹೇಳದೇ ಉಳಿದವನ ಪಾಡು ಇನ್ನೂ ವಿಚಿತ್ರ: ಕಳೆದುಕೊಂಡೆ ಎನ್ನಲು ಅವನದೆಂಬುದು ಏನೂ ಇರಲೇ ಇಲ್ಲವಲ್ಲ.

ಬಳಗದ ನಡುವೆಯೇ ಒಂಟಿ

ಗೆಳೆಯನೂ ಗೇ ಆಗಿದ್ದರೆ ಈ ಕಷ್ಟ ಇರುತ್ತಿರಲಿಲ್ಲ ಎಂದು ತೋರಬಹುದು. ಆಗಲೂ ಇರುತ್ತದೆ. ಬೆಂಗಳೂರಿನಲ್ಲಿ ಸಲಿಂಗಿಗಳ ‘ಗುಡ್ ಆ್ಯಸ್ ಯು’ ಬಳಗ ಶುರುವಾದದ್ದು 1994ರಲ್ಲಿ. ಗುರುವಾರದ ಸಂಜೆಗಳಲ್ಲಿ ಸೇರುತ್ತಿದ್ದ ಅಂಥ ಕೂಟಗಳಲ್ಲಿ, ಮನೆಯಲ್ಲಿ ಬಾಯಿಬಿಡಲಾಗದವರು ತಮ್ಮವರನ್ನು ಕಂಡುಕೊಂಡರು. ಹೀಗೆ ಸಿಕ್ಕ ಗೆಳೆಯರೇ ಕ್ರಮೇಣ ಆಸ್ಪತ್ರೆಗೆ ಓಡಿಬರುವವರು, ಹಬ್ಬದೂಟಕ್ಕೆ ಕರೆಯುವವರು ಆಗುತ್ತಾರೆ. ಅವರಲ್ಲೇ ಒಬ್ಬನ ಮೇಲೆ ಮನಸ್ಸಾದರೆ ಪೇಚಾಟ ಶುರು. ಹೇಳಿಬಿಟ್ಟು ಅವನು ಒಲ್ಲೆ ಎಂದರೆ? ಬಳಗ ಎರಡಾಗುತ್ತದೆ; ಗೆಳೆಯನ ಜೊತೆಗೆ ಇಡೀ ಮನೆಯೇ ಕೈಬಿಟ್ಟುಹೋದೀತು. ಹಾಗಾಗಿ ಇವನು ಸುಮ್ಮನಿದ್ದು, ಅವನ ಹೊಸ ಡೇಟಿಂಗ್ ಕಥೆಗಳಿಗೆ ಹೂಂಗುಟ್ಟುತ್ತಾನೆ. ರಾತ್ರಿ ಡೇಟಿಂಗ್ ಆ್ಯಪ್ ತೆರೆದರೆ ಅದೇ ಗೆಳೆಯನ ಫೋಟೊ, ಹಸಿರು ಚುಕ್ಕಿ, ಎಂಟುನೂರು ಮೀಟರ್ ದೂರ. ಅವನು ಯಾರನ್ನೋ ಹುಡುಕುತ್ತಿದ್ದಾನೆ, ಇವನನ್ನಂತೂ ಅಲ್ಲ.

ಸಲಿಂಗಿ ವಯಸ್ಕರು ಪರಸ್ಪರ ಒಪ್ಪಿ ಕೂಡುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಅದನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಭಯ ಹೋಯಿತು. ಮದುವೆಯ ಹಕ್ಕು ಮಾತ್ರ ಅದೇ ಕೋರ್ಟಿನ 2023ರ ಅಕ್ಟೋಬರ್ 17ರ ತೀರ್ಪಿನಲ್ಲೂ ಸಿಗಲಿಲ್ಲ. ಒಲಿದ ಇಬ್ಬರಿಗೇ ನಾಲ್ಕು ಜನರ ಮುಂದೆ ಜಾಗವಿಲ್ಲದ ಕಡೆ, ಒಲವು ದಕ್ಕದವನ ಅಳಲನ್ನು ಲೆಕ್ಕಕ್ಕೆ ಹಿಡಿಯುವವರು ಯಾರು?

ಕೇಳುವವರು ಬೇಕು

ಗೆಳೆಯ ಒಲ್ಲೆ ಎಂದರೆ ಒಪ್ಪಲೇಬೇಕು. ಅದು ಅವನಿಗೆ ಬಿಟ್ಟದ್ದು. ಕೆಲವು ತಿಂಗಳು ದೂರವಿದ್ದು ಮತ್ತೆ ಗೆಳೆಯರಾದವರಿದ್ದಾರೆ, ಆಗದೇ ಹೋದವರೂ ಇದ್ದಾರೆ. ಆ ತಿಂಗಳುಗಳನ್ನು ದಾಟಲು ಬಳಗದ ಹೊರಗೆ ಒಬ್ಬರಾದರೂ ಬೇಕು. ಯಾರೂ ಇಲ್ಲವೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಮುಂದಾಳತ್ವದ ಈ ಸೇವೆ 2022ರಿಂದ ಇದೆ, ಕರೆಗೆ ಹಣವಿಲ್ಲ.

ಮನೆಯವರೂ ಒಂದು ಕೆಲಸ ಮಾಡಬಹುದು. ತಮ್ಮ ಮಂಕಾಗಿ ಕೂತಾಗ ಅಕ್ಕ ‘ಯಾವ ಹುಡುಗಿ ಕೈಕೊಟ್ಟಳು?’ ಎನ್ನುವ ಬದಲು ‘ಯಾರೋ ಅದು?’ ಎಂದಷ್ಟೇ ಕೇಳಲಿ. ಉತ್ತರ ಅಂದೇ ಬರಲಿಕ್ಕಿಲ್ಲ. ಆದರೆ ಯಾವ ಹೆಸರು ಹೇಳಿದರೂ ಇವಳು ಬೆಚ್ಚಿಬೀಳುವುದಿಲ್ಲ ಎಂದು ಖಾತ್ರಿಯಾದರೆ, ಇನ್ನೊಂದು ದಿನ ಅವನಾಗಿಯೇ ಹೇಳಿಯಾನು.